ಬಾವಿಯ ಬಳಿ ದಣಿದು ಕುಳಿತವನು ದೇವರಾಗಿರಲು ಸಾಧ್ಯವೇ? ಮನುಷ್ಯಾವತಾರದ ಬಗ್ಗೆ ಒಂದು ಚರ್ಚೆ

ಹಳೇ ಓದುಗ

ಮೊನ್ನೆ ಬಹಳ ವರ್ಷದ ಗೆಳೆಯರೊಬ್ಬರು ನೇರವಾಗಿ ಕೇಳಿಬಿಟ್ಟರು. "ದೇವರು ಎಲ್ಲ ಬಲ್ಲವನು. ಮನುಷ್ಯನಿಗೆ ನಾಳೆ ಏನಾಗುತ್ತದೆ ಅಂತಲೇ ಗೊತ್ತಿಲ್ಲ. ದೇವರಿಗೆ ಸಾವಿಲ್ಲ, ಮನುಷ್ಯ ಸಾಯುತ್ತಾನೆ. ಯೇಸು ಎರಡೂ ಆಗಿದ್ದ ಅಂತ ನೀವು ಹೇಗೆ ನಂಬುತ್ತೀರಿ? ಕತ್ತಲೆ ಬೆಳಕು ಎರಡೂ ಒಂದೇ ಅಂದ ಹಾಗಾಯಿತಲ್ವಾ?" ಆಗ ಬಾಯಿಗೆ ಬಂದ ಏನೋ ಒಂದು ಉತ್ತರ ಕೊಟ್ಟೆ. ಅದು ನನಗೇ ಸಮಾಧಾನ ತರಲಿಲ್ಲ. ನಾಲ್ಕು ದಿನದಿಂದ ತಲೆಯಲ್ಲಿ ಅದೇ ಕೊರೆಯುತ್ತಿದೆ.

ನನ್ನ ಉತ್ತರ ಒಂದು ಬಾವಿಯಿಂದ ಶುರುವಾಗುತ್ತದೆ. ಯೋಹಾನನ ಸುವಾರ್ತೆಯ 4ನೇ ಅಧ್ಯಾಯ. ನಡು ಮಧ್ಯಾಹ್ನ. ಯೇಸು ನಡೆದು ದಣಿದು ಯಾಕೋಬನ ಬಾವಿಯ ಬಳಿ ಹಾಗೇ ಕುಳಿತುಬಿಡುತ್ತಾನೆ. ಶಿಷ್ಯರು ಊಟಕ್ಕೆ ಏನಾದರೂ ಕೊಂಡು ತರಲು ಊರೊಳಗೆ ಹೋಗಿದ್ದಾರೆ. ಬಾವಿ ಆಳ. ಸೇದಲು ಕೈಯಲ್ಲಿ ಏನೂ ಇಲ್ಲ. ಅಷ್ಟರಲ್ಲಿ ನೀರಿಗೆ ಬಂದ ಸಮಾರ್ಯದ ಹೆಂಗಸನ್ನು ಕುಡಿಯಲು ಕೊಡು ಅಂತ ಕೇಳುತ್ತಾನೆ. ಇದೇ ಪುಸ್ತಕದ ಮೊದಲ ಅಧ್ಯಾಯದಲ್ಲಿ ಯೋಹಾನ ಏನು ಬರೆದಿದ್ದಾನೆ? ಆದಿಯಲ್ಲಿ ವಾಕ್ಯ ಇತ್ತು, ಆ ವಾಕ್ಯ ದೇವರಾಗಿತ್ತು, ಉಂಟಾದದ್ದೆಲ್ಲ ಆತನಿಂದಲೇ ಉಂಟಾಯಿತು ಅಂತ. ಅಂದರೆ ನೀರನ್ನು ಉಂಟುಮಾಡಿದವನೇ ಇಲ್ಲಿ ಒಂದು ಗುಟುಕು ನೀರಿಗೆ ಇನ್ನೊಬ್ಬರ ಮುಖ ನೋಡುತ್ತಿದ್ದಾನೆ.

ಯೋಹಾನ ಆ ದಣಿವನ್ನು ಬರೆಯದೇ ಬಿಡಬಹುದಿತ್ತು. ಕಥೆಗೆ ಏನೂ ಕಡಿಮೆ ಆಗುತ್ತಿರಲಿಲ್ಲ. ಆದರೂ ಬರೆದ. ಟೀಕಾಕಾರರು ಇಂಥ ಜಾಗಗಳನ್ನು ತೋರಿಸಿ "ನೋಡಿ, ಇವನು ದೇವರಾಗಿರಲು ಹೇಗೆ ಸಾಧ್ಯ" ಅನ್ನುತ್ತಾರೆ. ನಮ್ಮವರು ಎಷ್ಟೋ ಜನ ಅದೇ ಜಾಗಗಳನ್ನು ಮೆಲ್ಲಗೆ ದಾಟಿಬಿಡುತ್ತಾರೆ. ಇಬ್ಬರೂ ಒಂದೇ ಕಡೆ ಎಡವುತ್ತಿದ್ದಾರೆ ಅಂತ ನನಗೆ ಅನ್ನಿಸುತ್ತದೆ. ಯೇಸುವಿನ ಹಸಿವು, ನಿದ್ದೆ, ಅಳು, ದಣಿವು ಈ ನಂಬಿಕೆಗೆ ಅಡ್ಡ ಬರುವ ಸಂಗತಿಗಳೇ ಅಲ್ಲ. ಮನುಷ್ಯಾವತಾರ ಅಂದರೆ ಅದೇ.

ಒಪ್ಪದವರು ಬಿಚ್ಚುಮನಸ್ಸಿನಿಂದ ಹೇಳಿ.

ತರ್ಕಪ್ರಿಯ

ನಾನು ಒಪ್ಪದವನು. ಬಾವಿಯ ಚಿತ್ರ ಚೆನ್ನಾಗಿದೆ, ಮನಸ್ಸಿಗೆ ನಾಟುತ್ತದೆ. ಆದರೆ ಮನಸ್ಸಿಗೆ ನಾಟಿದ್ದೆಲ್ಲ ನಿಜ ಆಗಬೇಕಿಲ್ಲ. ನಿಮ್ಮ ಗೆಳೆಯರ ಪ್ರಶ್ನೆಗೆ ಉತ್ತರ ಬರಲಿಲ್ಲ. 1675ರಲ್ಲಿ ತತ್ವಜ್ಞಾನಿ ಸ್ಪಿನೋಜಾ ಒಂದು ಪತ್ರದಲ್ಲಿ ಇದನ್ನೇ ಹೇಳಿದ್ದ: ದೇವರು ಮನುಷ್ಯ ಸ್ವಭಾವ ತಾಳಿದ ಅನ್ನೋದು ವೃತ್ತ ಚೌಕದ ಸ್ವಭಾವ ತಾಳಿತು ಅಂದಷ್ಟೇ ಅಸಂಗತ ಅಂತ. ಕ್ರೈಸ್ತ ಚಿಂತಕರೇ ಆದ ಜಾನ್ ಹಿಕ್ 1977ರಲ್ಲಿ ಅದೇ ವೃತ್ತ ಮತ್ತು ಚೌಕದ ಹೋಲಿಕೆಯನ್ನು ಮತ್ತೆ ಎತ್ತಿದರು. ಎಲ್ಲ ಬಲ್ಲವನು, ಎಲ್ಲ ಬಲ್ಲವನಲ್ಲ. ಒಬ್ಬನೇ ವ್ಯಕ್ತಿ, ಎರಡೂ ಹೌದು. ಇದು ಹೇಗೆ?

ಹಳೇ ಓದುಗ

ತರ್ಕಪ್ರಿಯ ಅವರೇ, ಇದೇ ಬೇಕಿತ್ತು. ಒಂದೊಂದಾಗಿ ನೋಡೋಣ.

ವೃತ್ತ ಅಂದರೇನು, ಚೌಕ ಅಂದರೇನು, ನಮಗೆ ಪೂರ್ತಿ ಗೊತ್ತು. ಎರಡಕ್ಕೂ ಲಕ್ಷಣ ಬರೆದವರು ನಾವೇ. ಹಾಗಾಗಿ ಒಂದು ಇನ್ನೊಂದಾಗಲ್ಲ ಅಂತ ಕಾಗದದ ಮೇಲೇ ತೋರಿಸಬಹುದು. ಆದರೆ "ಮನುಷ್ಯ" ಅನ್ನೋದಕ್ಕೆ ಅಂಥ ಲಕ್ಷಣ ಯಾರು ಬರೆದರು? ನಾವು ನೋಡಿದ ಮನುಷ್ಯರೆಲ್ಲ ಅಲ್ಪಜ್ಞರು, ನಿಜ. ಅದಕ್ಕೇ ಮನುಷ್ಯನಾಗಬೇಕಾದರೆ ಅಲ್ಪಜ್ಞ ಮಾತ್ರ ಆಗಿರಲೇಬೇಕು ಅಂದುಕೊಂಡಿದ್ದೇವೆ. ಎಲ್ಲರಲ್ಲೂ ಕಾಣುವ ಗುಣ ಬೇರೆ, ಇಲ್ಲದಿದ್ದರೆ ಮನುಷ್ಯನೇ ಅಲ್ಲ ಅನ್ನುವ ಗುಣ ಬೇರೆ. ಬಹಳ ಕಾಲ ಮನುಷ್ಯರೆಲ್ಲ ಭೂಮಿಯ ಮೇಲೇ ಹುಟ್ಟಿ ಭೂಮಿಯ ಮೇಲೇ ಇದ್ದರು. ಹಾಗಂತ ಬಾಹ್ಯಾಕಾಶಕ್ಕೆ ಹೋದವರು ಮನುಷ್ಯರಾಗಿ ಉಳಿಯಲಿಲ್ಲವೇ? ಥಾಮಸ್ ಮಾರಿಸ್ ಎಂಬ ತತ್ವಶಾಸ್ತ್ರಜ್ಞರು 1980ರ ದಶಕದಲ್ಲಿ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಬಿಡಿಸಿಟ್ಟರು. ಯೇಸು ಪೂರ್ಣ ಮನುಷ್ಯ. ಆದರೆ ಬರೀ ಮನುಷ್ಯ ಅಲ್ಲ. ಈ ಎರಡು ಮಾತುಗಳನ್ನು ಒಂದೇ ಅಂದುಕೊಂಡಾಗಲೇ ವೃತ್ತ ಚೌಕದ ಸಮಸ್ಯೆ ಹುಟ್ಟುವುದು.

ಎರಡನೆಯದು, ದೇವರು ಮನುಷ್ಯನಾಗಿ *ಬದಲಾದ* ಅಂತ ಕ್ರೈಸ್ತ ಸಭೆ ಯಾವತ್ತೂ ಹೇಳಿಲ್ಲ. ಮಂಜುಗಡ್ಡೆ ಕರಗಿ ನೀರಾದರೆ ಮಂಜುಗಡ್ಡೆ ಉಳಿಯುವುದಿಲ್ಲ. ಇಲ್ಲಿ ಹಾಗಲ್ಲ. ಮಗನಾದ ದೇವರು ತಾನಿದ್ದ ಹಾಗೇ ಇದ್ದು, ತನ್ನದಲ್ಲದ ಮನುಷ್ಯತ್ವವನ್ನು ತನ್ನದಾಗಿ ಮಾಡಿಕೊಂಡ. 3ನೇ ಶತಮಾನದ ಕ್ರೈಸ್ತ ಪಂಡಿತ ಆರಿಗೆನ್ ಕೊಟ್ಟ ಹೋಲಿಕೆ ನನಗೆ ಇಷ್ಟ: ಬೆಂಕಿಯಲ್ಲಿ ಕಾದ ಕಬ್ಬಿಣ. ಮುಟ್ಟಿದರೆ ಸುಡುತ್ತದೆ, ಕೆಂಪಗೆ ಹೊಳೆಯುತ್ತದೆ. ಆದರೂ ಕಬ್ಬಿಣ ಕಬ್ಬಿಣವೇ, ಬೆಂಕಿ ಬೆಂಕಿಯೇ. ಹೋಲಿಕೆ ಪೂರ್ತಿ ಹೊಂದುವುದಿಲ್ಲ, ಯಾವ ಹೋಲಿಕೆಯೂ ಹೊಂದುವುದಿಲ್ಲ. "ಬದಲಾಗಬೇಕು, ಇಲ್ಲವೇ ಬೇರೆ ಬೇರೆ ಇರಬೇಕು, ಮೂರನೇ ದಾರಿ ಇಲ್ಲ" ಅನ್ನುವವರಿಗೆ ಇಷ್ಟಾದರೂ ಸಾಕು.

ನಿಧಾನಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಮಾರ್ಕ 13:32ರಲ್ಲಿ ಯೇಸುವೇ "ಆ ದಿನ ಯಾವಾಗ ಅಂತ ಮಗನಿಗೂ ತಿಳಿಯದು, ತಂದೆಗೆ ಮಾತ್ರ ತಿಳಿದಿದೆ" ಅಂತ ಹೇಳುತ್ತಾನಲ್ವಾ? ಅದನ್ನು ಹೀಗೆ ಅರ್ಥ ಮಾಡಬಹುದಾ: ಬಚ್ಚಿಟ್ಟುಕೊಂಡ ಮಗು ಎಲ್ಲಿದೆ ಅಂತ ಅಮ್ಮನಿಗೆ ಗೊತ್ತು, ಆದರೂ ಗೊತ್ತಿಲ್ಲದ ಹಾಗೆ ಮನೆಯೆಲ್ಲ ಹುಡುಕುತ್ತಾಳೆ. ಪ್ರೀತಿಯಿಂದಲೇ.

ಹಳೇ ಓದುಗ

ಹೋಲಿಕೆ ಮುದ್ದಾಗಿದೆ ಮೇಡಂ, ಆದರೆ ದಯವಿಟ್ಟು ಆ ದಾರಿಗೆ ಹೋಗುವುದು ಬೇಡ. ಅಮ್ಮ ಅಲ್ಲಿ ನಟಿಸುತ್ತಿದ್ದಾಳೆ. ಯೇಸುವಿನ ಅಜ್ಞಾನ ನಟನೆಯಾದರೆ ದಣಿವೂ ನಟನೆ, ಕಣ್ಣೀರೂ ನಟನೆ. ಕೊನೆಗೆ ಶಿಲುಬೆಯೂ ನಟನೆ. ಇದು ಹೊಸ ಯೋಚನೆಯಲ್ಲ. ಮೊದಲ ಶತಮಾನದ ಕೊನೆಯ ಹೊತ್ತಿಗೇ ಹುಟ್ಟಿಕೊಂಡಿತ್ತು. ಯೇಸುವಿಗೆ ದೇಹ ಇದ್ದ ಹಾಗೆ *ಕಂಡಿತು* ಅಷ್ಟೇ ಅನ್ನುತ್ತಿದ್ದವರಿಗೆ ಡೋಸಿಟಿಸ್ಟರು ಅಂತ ಹೆಸರು. ಅವರ ಉದ್ದೇಶ ಒಳ್ಳೆಯದೇ, ದೇವರ ಮಾನ ಕಾಪಾಡುವುದು. ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸ್ ಬೇಡಿ ಹಾಕಿಸಿಕೊಂಡು ರೋಮಿಗೆ, ಕಾಡುಮೃಗಗಳ ಬಾಯಿಗೆ ಹೋಗುವ ದಾರಿಯಲ್ಲಿ ಪತ್ರ ಬರೆದ. ಯೇಸು ಕಷ್ಟಪಟ್ಟದ್ದು ತೋರಿಕೆಗೆ ಮಾತ್ರ ಆಗಿದ್ದರೆ ನಾನು ಯಾಕೆ ಬೇಡಿಯಲ್ಲಿದ್ದೇನೆ ಅಂತ ಕೇಳಿದ. ಆ ಪ್ರಶ್ನೆಗೆ ಡೋಸಿಟಿಸ್ಟರ ಹತ್ತಿರ ಉತ್ತರ ಇರಲಿಲ್ಲ.

ಮಗನಿಗೆ ತಿಳಿಯದು ಅಂದರೆ ತಿಳಿಯದು ಅಂತಲೇ ಅರ್ಥ. ಮನುಷ್ಯ ಮನಸ್ಸಿನಲ್ಲಿ ಆತ ಕಲಿತ, ಬೆಳೆದ. ಜ್ಞಾನದಲ್ಲಿ ಬೆಳೆದ ಅಂತ ಲೂಕ 2:52 ಹೇಳುತ್ತದೆ. ಪೂರ್ಣ ಮನುಷ್ಯನಿಗೆ ಇರಬೇಕಾದ ಮನಸ್ಸು ಆತನಿಗೂ ಇತ್ತು. ದೈವಜ್ಞಾನವನ್ನು ಆ ಮನಸ್ಸಿನೊಳಗೆ ಒಂದೇ ಸಲ ಸುರಿದುಬಿಟ್ಟಿರಲಿಲ್ಲ.

ತರ್ಕಪ್ರಿಯ

ಹಾಗಾದರೆ ಎರಡು ಮನಸ್ಸು. ಎರಡು ಮನಸ್ಸು ಅಂದರೆ ಇಬ್ಬರು ವ್ಯಕ್ತಿಗಳು. ಕ್ರಿಸ್ತನನ್ನು ಇಬ್ಬರಾಗಿ ಒಡೆದ ಅನ್ನುವ ಆರೋಪ ಹೊತ್ತ ಬಿಷಪ್ ನೆಸ್ಟೋರಿಯಸ್ ಪಕ್ಷಕ್ಕೆ ನೀವು ಬಂದುಬಿಟ್ಟಿರಿ. ಸರ್, ಇನ್ನೊಂದು ಮಾತು. "ನಮಗೆ ಪೂರ್ತಿ ಗೊತ್ತಿಲ್ಲ" ಅನ್ನುವ ಗುರಾಣಿ ಹಿಡಿದರೆ ಯಾವ ಅಸಂಗತವನ್ನು ಬೇಕಾದರೂ ಸಮರ್ಥಿಸಬಹುದು.

ಹಳೇ ಓದುಗ

ಎರಡನೇ ಮಾತು ಪೂರ್ತಿ ಒಪ್ಪುತ್ತೇನೆ. ಅಸಾಧ್ಯ ಅಲ್ಲ ಅಂತ ತೋರಿಸಿದ ಮಾತ್ರಕ್ಕೆ ನಿಜ ಅಂತ ಆಗಲಿಲ್ಲ. ನಂಬಲು ಬೇರೆ ಕಾರಣ ಬೇಕು. ಅದು ಚರಿತ್ರೆಯಲ್ಲಿ ಸಿಗಬೇಕು, ತರ್ಕದಲ್ಲಿ ಸಿಗುವುದಿಲ್ಲ.

ಮೊದಲನೆಯದಕ್ಕೆ: ಸ್ವಭಾವ ಅನ್ನುವುದು "ಏನು" ಅನ್ನುವ ಪ್ರಶ್ನೆಗೆ ಉತ್ತರ. ವ್ಯಕ್ತಿ ಅನ್ನುವುದು "ಯಾರು" ಅನ್ನುವ ಪ್ರಶ್ನೆಗೆ ಉತ್ತರ. ಬಾವಿಯ ಬಳಿ ಕುಳಿತವನು ಯಾರು? ಮಗ. ದಣಿದದ್ದು ಯಾವುದರಿಂದ? ಮನುಷ್ಯ ಸ್ವಭಾವದಿಂದ. 431ರಲ್ಲಿ ಎಫೆಸದ ಬಿಷಪ್ಪರ ಸಭೆಯಲ್ಲಿ ನಡೆದ ಜಗಳ ಇದೇ. ಯೇಸುವಿನ ತಾಯಿ ಮರಿಯಳನ್ನು "ದೇವಮಾತೆ" ಅಂತ ಕರೆಯಬಹುದೇ? ನೆಸ್ಟೋರಿಯಸ್ ಹಿಂಜರಿದ. ಅಲೆಕ್ಸಾಂಡ್ರಿಯದ ಬಿಷಪ್ ಸಿರಿಲ್ ಬಿಡಲಿಲ್ಲ. ಅಮ್ಮ ಹೆರುವುದು ಒಬ್ಬ ವ್ಯಕ್ತಿಯನ್ನು, ಬರೀ ಸ್ವಭಾವವನ್ನಲ್ಲ ಅಲ್ವಾ? ಅವಳ ತೊಡೆಯ ಮೇಲಿದ್ದವನು ಯಾರು ಅಂತ ಕೇಳಿ ನೋಡಿ. ಉತ್ತರ ಎರಡು ಬರುವುದಿಲ್ಲ.

451ರಲ್ಲಿ ಕಾಲ್ಸೆಡನ್‌ನಲ್ಲಿ ಸೇರಿದ ಬಿಷಪ್ಪರ ಸಭೆಯ ಮಾತು ನಿಮಗೆ ಗೊತ್ತಿರಬಹುದು. ಎರಡು ಸ್ವಭಾವ, ಒಬ್ಬ ವ್ಯಕ್ತಿ. ಬೆರಕೆಯಿಲ್ಲದೆ, ಬದಲಾವಣೆಯಿಲ್ಲದೆ, ಒಡಕಿಲ್ಲದೆ, ಅಗಲಿಕೆಯಿಲ್ಲದೆ. ನಾಲ್ಕೂ "ಇಲ್ಲದೆ" ಅನ್ನುವ ಮಾತುಗಳೇ. ಒಳಗೆ ಹೇಗೆ ನಡೆಯುತ್ತದೆ ಅಂತ ಅವರು ವಿವರಿಸಲಿಲ್ಲ, ಸುತ್ತ ಬೇಲಿ ಹಾಕಿದರು. ಅದು ಸೋಲು ಅಂತ ಕೆಲವರಿಗೆ ಅನ್ನಿಸುತ್ತದೆ. ನನಗೆ ಅದು ಪ್ರಾಮಾಣಿಕತೆ ಅನ್ನಿಸುತ್ತದೆ.

ಇತಿಹಾಸಾಸಕ್ತ

ಚರಿತ್ರೆ ಅಂದಿರಲ್ಲ, ಅದಕ್ಕೇ ಬಂದೆ. "325ರಲ್ಲಿ ನೈಸಿಯಾದ ಬಿಷಪ್ಪರ ಸಭೆಯಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ವೋಟು ಹಾಕಿಸಿ ಯೇಸುವನ್ನು ದೇವರು ಮಾಡಿದ" ಅನ್ನುವ ಮಾತು ಎಲ್ಲೆಡೆ ಓಡಾಡುತ್ತದೆ. ಅದು ತಪ್ಪು. ಅಲ್ಲಿ ಜಗಳವಾಡಿದ ಎರಡೂ ಕಡೆಯವರು ಕ್ರಿಸ್ತನನ್ನು ಆರಾಧಿಸುತ್ತಿದ್ದರು. ಅಲೆಕ್ಸಾಂಡ್ರಿಯದ ಪಾದ್ರಿ ಆರಿಯಸ್ ಪ್ರಕಾರ ಮಗ ಎಲ್ಲಕ್ಕಿಂತ ಮೊದಲು ಸೃಷ್ಟಿಯಾದವನು. ಎದುರಿನವರ ಪ್ರಕಾರ ಆತ ಸೃಷ್ಟಿಯೇ ಅಲ್ಲ, ತಂದೆಯ ತತ್ವವೇ ಮಗನ ತತ್ವ. ಸಭೆಯ ತೀರ್ಮಾನಕ್ಕೆ ಕೊನೆಯವರೆಗೂ ಸಹಿ ಹಾಕದೆ ಉಳಿದ ಬಿಷಪ್ಪರು ಇಬ್ಬರೇ. ಆದರೂ ಜಗಳ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಚಕ್ರವರ್ತಿಗಳು ಆರಿಯಸ್ ಕಡೆಯವರಿಗೆ ಒಲಿದರು, ಅವರನ್ನು ಎದುರಿಸಿದ ಬಿಷಪ್ ಅಥನೇಷಿಯಸ್ ಐದು ಸಲ ಗಡಿಪಾರಾದ. ರಾಜನ ಬಲದಿಂದಲೇ ಈ ನಂಬಿಕೆ ಗೆದ್ದಿತು ಅನ್ನುವವರು ಆ ವರ್ಷಗಳನ್ನು ಸ್ವಲ್ಪ ಓದಬೇಕು.

ಅದಕ್ಕೂ 200 ವರ್ಷ ಮುಂಚೆ, ಸುಮಾರು 112ರಲ್ಲಿ, ಬಿಥುನ್ಯದ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರೆದ. ಕ್ರೈಸ್ತರನ್ನು ವಿಚಾರಣೆ ಮಾಡಿದ್ದೇನೆ, ಇವರು ಬೆಳಗಾಗುವ ಮುಂಚೆ ಸೇರಿ ಕ್ರಿಸ್ತನಿಗೆ ದೇವರಿಗೆ ಹಾಡುವ ಹಾಗೆ ಹಾಡುತ್ತಾರೆ ಅಂತ. ಅವನಿಗೆ ಕ್ರೈಸ್ತರ ಮೇಲೆ ಯಾವ ಮಮಕಾರವೂ ಇರಲಿಲ್ಲ.

ಇನ್ನೂ ಹಿಂದೆ ಹೋಗಿ. ಅಪೊಸ್ತಲ ಪೌಲ ಕೊರಿಂಥದವರಿಗೆ ಮೊದಲ ಪತ್ರ ಬರೆದದ್ದು ಯೇಸು ಶಿಲುಬೆಯ ಮೇಲೆ ಸತ್ತು ಸುಮಾರು 25 ವರ್ಷಕ್ಕೆ. "ನಮ್ಮ ದೇವರಾದ ಕರ್ತನು ಒಬ್ಬನೇ ಕರ್ತನು" ಅಂತ ಯೆಹೂದ್ಯರು ದಿನವೂ ಹೇಳುವ ಮಾತಿದೆ. 8ನೇ ಅಧ್ಯಾಯದ 6ನೇ ವಚನದಲ್ಲಿ ಪೌಲ ಅದೇ ಮಾತಿನೊಳಗೆ ಯೇಸುವಿನ ಹೆಸರನ್ನು ಸೇರಿಸಿಬಿಟ್ಟಿದ್ದಾನೆ. ಒಬ್ಬನೇ ದೇವರು, ತಂದೆ. ಒಬ್ಬನೇ ಕರ್ತನು, ಯೇಸು ಕ್ರಿಸ್ತ. ಸಾವಿರ ದೇವರಿಗೆ ಇನ್ನೊಂದನ್ನು ಸೇರಿಸುವ ಸಮಾಜ ಅಲ್ಲ ಅದು. ಮನುಷ್ಯನನ್ನು ಪೂಜಿಸುವುದಕ್ಕಿಂತ ಸಾಯುವುದೇ ಮೇಲು ಅನ್ನುವ ಜನ. ಅಂಥವರ ಬಾಯಲ್ಲಿ ಈ ಮಾತು ಇಷ್ಟು ಬೇಗ ಹೇಗೆ ಬಂತು? ಏನೋ ಆಗಿರಲೇಬೇಕು.

ತರ್ಕಪ್ರಿಯ

ಏನೋ ಆಗಿರಬೇಕು ಅನ್ನೋದನ್ನು ಒಪ್ಪುತ್ತೇನೆ. ಅವರು ಹಾಗೆ ನಂಬಿದ್ದರು ಅನ್ನುವುದಕ್ಕೆ ಇದು ಸಾಕ್ಷಿ. ಅವರ ನಂಬಿಕೆ ನಿಜ ಅನ್ನುವುದಕ್ಕಲ್ಲ. ಆದರೆ ನೈಸಿಯಾ ವಿಷಯದಲ್ಲಿ ನನ್ನ ತಿಳಿವಳಿಕೆ ತಪ್ಪಿತ್ತು. ಧನ್ಯವಾದ.

ಬೆಳಕಿಂಡಿ

ಅಸ್ಸಲಾಮು ಅಲೈಕುಂ. ನಾನು ಮುಸ್ಲಿಂ. ಈಸಾ (ಯೇಸು) ಅಲೈಹಿಸ್ಸಲಾಮರನ್ನು ಗೌರವಿಸುವವನು, ಆದ್ದರಿಂದಲೇ ಕೇಳುತ್ತಿದ್ದೇನೆ. ಕುರ್‌ಆನಿನ 112ನೇ ಅಧ್ಯಾಯ ಅಲ್ಲಾಹನು ಹುಟ್ಟಿಸಿದವನೂ ಅಲ್ಲ, ಹುಟ್ಟಿದವನೂ ಅಲ್ಲ ಅನ್ನುತ್ತದೆ. ನಿಮ್ಮ ಬೈಬಲಿನಲ್ಲೇ ಅರಣ್ಯಕಾಂಡ 23:19ರಲ್ಲಿ "ದೇವರು ಮನುಷ್ಯನಲ್ಲ" ಅಂತ ಇದೆ. ನೀರಡಿಕೆಯಿಂದ ಒಬ್ಬ ಹೆಂಗಸಿನ ಬಳಿ ನೀರು ಬೇಡುವುದು ಪ್ರವಾದಿಗೆ ಕುಂದಲ್ಲ. ಆದರೆ ದೇವರಿಗೆ ಅದು ತಕ್ಕದ್ದೇ?

ಹಳೇ ಓದುಗ

ವ ಅಲೈಕುಂ ಅಸ್ಸಲಾಂ ಭಾಯಿ. ಇಷ್ಟು ಗೌರವದಿಂದ ಕೇಳಿದ್ದಕ್ಕೆ ಮೊದಲು ಧನ್ಯವಾದ.

ದೇವರಿಗೆ ಹೆಂಡತಿಯಿದ್ದು ದೈಹಿಕವಾಗಿ ಮಗ ಹುಟ್ಟಿದ ಅನ್ನುವುದನ್ನು ನಾವೂ ಒಪ್ಪುವುದಿಲ್ಲ. "ಮಗ" ಅನ್ನುವ ಮಾತು ಕಾಲದಲ್ಲಿ ನಡೆದ ಹೆರಿಗೆಯನ್ನು ಹೇಳುವುದಿಲ್ಲ. ಎಂದೆಂದಿಗೂ ಇರುವ ಸಂಬಂಧವನ್ನು ಹೇಳುತ್ತದೆ. ಅರಣ್ಯಕಾಂಡದ ವಚನವನ್ನು ಪೂರ್ತಿ ಓದಿ. ದೇವರು ಮನುಷ್ಯನ ಹಾಗೆ ಸುಳ್ಳಾಡುವವನಲ್ಲ, ಮನಸ್ಸು ಬದಲಾಯಿಸುವವನಲ್ಲ ಅಂತ ಇದೆ. ಆತ ಮನುಷ್ಯತ್ವವನ್ನು ತನ್ನದಾಗಿ ಮಾಡಿಕೊಳ್ಳಲಾರ ಅಂತ ಅಲ್ಲಿಲ್ಲ.

ನಿಮ್ಮ ಕೊನೆಯ ಪ್ರಶ್ನೆಯೇ ದೊಡ್ಡದು. ತಕ್ಕದ್ದೇ? ಸುಮಾರು 178ರಲ್ಲಿ ಸೆಲ್ಸಸ್ ಎಂಬ ಗ್ರೀಕ್ ಚಿಂತಕ ಇದನ್ನೇ ಕೇಳಿದ್ದ. ದೇವರು ಇಳಿದು ಬಂದರೆ ಒಳ್ಳೆಯದರಿಂದ ಕೆಟ್ಟದ್ದಕ್ಕೆ ಬದಲಾದ ಹಾಗೆ ಅಂತ. ಅವನ ಮಾತಿನ ಕೆಳಗೆ ಒಂದು ನಂಬಿಕೆ ಇದೆ: ದೇಹ ಅಂದರೆ ಕೊಳೆ, ಮುಟ್ಟಿದವರು ಮೈಲಿಗೆ. ಆದರೆ ದೇಹವನ್ನು ಉಂಟುಮಾಡಿ ಒಳ್ಳೆಯದು ಅಂದವನು ದೇವರೇ ಅಲ್ಲವೇ? ತಾನು ಮಾಡಿದ್ದನ್ನು ಮುಟ್ಟಿದರೆ ಆತನಿಗೆ ಹೇಗೆ ಮೈಲಿಗೆ? ಸೂರ್ಯನ ಬಿಸಿಲು ಕೆಸರಿನ ಮೇಲೆ ಬಿದ್ದರೆ ಬಿಸಿಲು ಕೆಸರಾಗುವುದಿಲ್ಲ.

ಬೆಳಕಿಂಡಿ

ದೇಹ ಕೊಳೆ ಅಂತ ನಾವೂ ಹೇಳುವುದಿಲ್ಲ. ಸೃಷ್ಟಿಕರ್ತ ಮತ್ತು ಸೃಷ್ಟಿಯ ನಡುವಿನ ಗೆರೆ ಅಳಿಸಬಾರದು ಅನ್ನುವುದು ನಮ್ಮ ಆಕ್ಷೇಪ. "ಆಗುವುದಿಲ್ಲ" ಅನ್ನುವುದಕ್ಕಿಂತ "ಅದು ಆತನ ರೀತಿ ಅಲ್ಲ" ಅನ್ನುತ್ತೇವೆ. ನೀವು ಬೆರಕೆ ಇಲ್ಲ ಅಂದದ್ದು ಗಮನಿಸಿದೆ. ಅದು ನನಗೆ ಹೊಸದು. ಒಪ್ಪಿಗೆ ಇಲ್ಲ, ಆದರೆ ನೀವು ಏನು ಹೇಳುತ್ತಿದ್ದೀರಿ ಅಂತ ಈಗ ಗೊತ್ತಾಯಿತು.

ಇತಿಹಾಸಾಸಕ್ತ

"ತಕ್ಕದ್ದೇ" ಅಂದಾಗ ನೆನಪಾಯಿತು. ರೋಮಿನ ಪಾಲಟೈನ್ ಗುಡ್ಡದಲ್ಲಿ 1857ರಲ್ಲಿ ಗೋಡೆಯ ಗಾರೆಯ ಮೇಲೆ ಗೀಚಿದ ಒಂದು ಚಿತ್ರ ಸಿಕ್ಕಿತು. ಶಿಲುಬೆಯ ಮೇಲೆ ಒಬ್ಬ ಮನುಷ್ಯ, ತಲೆ ಮಾತ್ರ ಕತ್ತೆಯದು. ಪಕ್ಕದಲ್ಲಿ ಒಬ್ಬ ಕೈ ಎತ್ತಿ ನಿಂತಿದ್ದಾನೆ. ಕೆಳಗೆ ಓರೆಕೋರೆ ಗ್ರೀಕ್ ಅಕ್ಷರದಲ್ಲಿ, "ಅಲೆಕ್ಸಾಮೆನೋಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ" ಅಂತ ಬರೆದಿದೆ. ಸುಮಾರು 200ರ ಆಸುಪಾಸಿನದು ಅನ್ನುತ್ತಾರೆ. ಯಾರೋ ಜೊತೆಗಾರನನ್ನು ಅಣಕಿಸಲು ಗೀಚಿದ್ದು. ಶಿಲುಬೆಯ ಅತಿ ಹಳೆಯ ಚಿತ್ರಗಳಲ್ಲಿ ಇದೂ ಒಂದು. ಜನರಿಗೆ ಹಿಡಿಸಲಿ ಅಂತ ಕಟ್ಟಿದ ಕಥೆ ಇದಾಗಿದ್ದರೆ ಯಾರೂ ಇಷ್ಟು ನಗೆಗೀಡಾಗುವ ಹಾಗೆ ಕಟ್ಟುತ್ತಿರಲಿಲ್ಲ.

ಸಂಜೆಮಲ್ಲಿಗೆ

ನಾನು ಇಷ್ಟೆಲ್ಲ ಓದಿದವಳಲ್ಲ. ಹೋದ ವರ್ಷ ಅಪ್ಪ ತೀರಿಕೊಂಡರು. ಕೊನೆಯ ವಾರ ಅವರಿಗೆ ಬಹಳ ಭಯ ಇತ್ತು. ಜೀವನವೆಲ್ಲ ಪ್ರಾರ್ಥನೆ ಮಾಡಿದವರು. "ನನಗೆ ಯಾಕೆ ಹೀಗೆ ಭಯವಾಗುತ್ತದೆ, ನನ್ನ ನಂಬಿಕೆ ಸುಳ್ಳಾ" ಅಂತ ನನ್ನ ಕೈ ಹಿಡಿದು ಕೇಳಿದರು. ನನಗೆ ಏನು ಹೇಳಬೇಕು ಅಂತ ತೋಚಲಿಲ್ಲ. ಹಳೇ ಓದುಗ ಅಣ್ಣ, ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

ಹಳೇ ಓದುಗ

ತಂಗಿ, ಬೆಳಗ್ಗೆಯಿಂದ ನಿಮ್ಮ ಮಾತನ್ನೇ ಯೋಚಿಸುತ್ತಿದ್ದೇನೆ. ಆ ಹೊತ್ತಿನಲ್ಲಿ ನಾನೂ ಬಹುಶಃ ಸುಮ್ಮನೆ ಕೈ ಹಿಡಿದುಕೊಂಡಿರುತ್ತಿದ್ದೆ. ಹೇಳುವ ಶಕ್ತಿ ಇದ್ದಿದ್ದರೆ ಗೆತ್ಸೇಮನೆಯ ಕಥೆ, ಯೇಸು ಸಾಯುವ ಹಿಂದಿನ ರಾತ್ರಿಯ ಕಥೆ ಹೇಳುತ್ತಿದ್ದೆ.

ಹಿಡಿಯಲು ಬರುವವರು ಇನ್ನೂ ಬಂದಿಲ್ಲ. ರಾತ್ರಿ. ಗೆಳೆಯರು ನಿದ್ದೆ ಹೋಗಿದ್ದಾರೆ. ಯೇಸು ನೆಲದ ಮೇಲೆ ಬಿದ್ದು ಬೇಡಿಕೊಳ್ಳುತ್ತಾನೆ. ಅಪ್ಪಾ, ನಿನಗೆ ಎಲ್ಲವೂ ಸಾಧ್ಯ, ಈ ಸಂಕಟದ ಪಾತ್ರೆಯನ್ನು ನನ್ನಿಂದ ತೆಗೆದುಬಿಡು ಅಂತ. ದಿಗಿಲುಪಟ್ಟು ತಳಮಳಗೊಂಡ ಅಂತ ಮಾರ್ಕ ಬರೆದಿದ್ದಾನೆ. ಮುಚ್ಚಿಟ್ಟಿಲ್ಲ. ನಿಮ್ಮ ತಂದೆಯವರ ಭಯ ನಂಬಿಕೆಯ ಸೋಲಾಗಿದ್ದರೆ, ಗೆತ್ಸೇಮನೆಯಲ್ಲಿ ಆದದ್ದನ್ನು ಏನೆನ್ನೋಣ?

ಈ ಒಂದು ರಾತ್ರಿಗಾಗಿ ಒಬ್ಬರು ತಮ್ಮ ನಾಲಿಗೆಯನ್ನೇ ಕೊಟ್ಟರು. 7ನೇ ಶತಮಾನದಲ್ಲಿ, ಕ್ರಿಸ್ತನಿಗೆ ಒಂದೇ ಇಚ್ಛೆ, ಅದು ದೈವದ್ದು ಅಂತ ಹೇಳಿಬಿಟ್ಟರೆ ಒಡೆದುಹೋದ ಸಭೆಗಳು ಒಂದಾಗಬಹುದು ಅಂತ ಚಕ್ರವರ್ತಿಗಳು ಲೆಕ್ಕ ಹಾಕಿದರು. ಮ್ಯಾಕ್ಸಿಮಸ್ ಎಂಬ ಸನ್ಯಾಸಿ ಒಪ್ಪಲಿಲ್ಲ. "ನನ್ನ ಚಿತ್ತದಂತಲ್ಲ, ನಿನ್ನ ಚಿತ್ತದಂತೆಯೇ ಆಗಲಿ" ಅಂದವನಿಗೆ ಮನುಷ್ಯ ಇಚ್ಛೆಯೇ ಇಲ್ಲದಿದ್ದರೆ ಆ ಪ್ರಾರ್ಥನೆ ಯಾರದು? ಸಾಯಲು ಹಿಂಜರಿದ ಆ ಮನಸ್ಸು ಯಾರದು? 662ರಲ್ಲಿ ಅವರ ನಾಲಿಗೆ ಮತ್ತು ಬಲಗೈ ಕತ್ತರಿಸಿ ಗಡಿಪಾರು ಮಾಡಿದರು. ಅದೇ ವರ್ಷ ತೀರಿಕೊಂಡರು. 680-681ರ ಕಾನ್‌ಸ್ಟಾಂಟಿನೋಪಲ್ ಸಭೆ ಎರಡು ಇಚ್ಛೆ ಅನ್ನುವುದೇ ಸರಿ ಅಂತ ತೀರ್ಮಾನಿಸಿತು.

ಇದು ಪಂಡಿತರ ಒಣ ಚರ್ಚೆ ಅಂತ ಟೀಕಾಕಾರರು ಅನ್ನುವಾಗ ನನಗೆ ಸಂಕಟ ಆಗುವುದು ಇದಕ್ಕೇ. ನಾಜಿಯಾಂಜಸ್‌ನ ಬಿಷಪ್ ಗ್ರೆಗರಿ 4ನೇ ಶತಮಾನದಲ್ಲೇ ಹೇಳಿದ್ದರು, ಆತ ತನ್ನದಾಗಿ ಮಾಡಿಕೊಳ್ಳದೆ ಬಿಟ್ಟದ್ದು ವಾಸಿಯಾಗದೆ ಉಳಿಯಿತು ಅಂತ. ಹಾಗಾದರೆ ಭಯವನ್ನೂ ಆತ ಬಿಡಲಿಲ್ಲ. ನಿಮ್ಮ ತಂದೆ ಹೋದ ಆ ಕತ್ತಲೆಯ ದಾರಿಯಲ್ಲಿ ಆತ ಮೊದಲೇ ನಡೆದಿದ್ದ.

ಸಂಜೆಮಲ್ಲಿಗೆ

ಅಮ್ಮನಿಗೆ ಓದಿ ಹೇಳಿದೆ ಅಣ್ಣ. ಇನ್ನೊಂದು ಸಲ ಓದು ಅಂದರು.

ತರ್ಕಪ್ರಿಯ

ಈ ಉತ್ತರಕ್ಕೆ ನಾನು ತರ್ಕ ಎತ್ತುವುದಿಲ್ಲ.

ನಿಧಾನಿ

ನನ್ನದೊಂದು ಉಳಿದಿದೆ. ಕನ್ನಡ ಬೈಬಲಿನಲ್ಲೇ "ನರಾವತಾರ" ಅನ್ನುವ ಪದ ಇದೆ. ಹಾಗಾದರೆ ಇದೂ ಒಂದು ಅವತಾರ ಅಂತ ಇಟ್ಟುಕೊಂಡರೆ ಜಗಳವೇ ಇರುವುದಿಲ್ಲವಲ್ಲ? ನಾನು ವೈಷ್ಣವ ಮನೆತನದವಳು. ಆದರೆ ಮಾಧ್ವ, ಶ್ರೀವೈಷ್ಣವ ಎರಡೂ ಸಂಪ್ರದಾಯದಲ್ಲಿ ಅವತಾರದ ದೇಹ ಪ್ರಾಕೃತ ಅಲ್ಲ, ನಮ್ಮ ನಿಮ್ಮ ದೇಹದಂಥದ್ದಲ್ಲ ಅಂತ ಹೇಳುತ್ತಾರೆ. ಶ್ರೀರಾಮ ಸೀತೆಗಾಗಿ ಅತ್ತದ್ದೂ ಲೀಲೆ ಅನ್ನುವುದು ಮಧ್ವಾಚಾರ್ಯರ ಮತ. ನಾನು ಅಮ್ಮನ ಹೋಲಿಕೆ ಕೊಟ್ಟದ್ದು ಆ ಅಭ್ಯಾಸದಿಂದಲೇ ಅಂತ ಈಗ ಅನ್ನಿಸುತ್ತಿದೆ.

ಹಳೇ ಓದುಗ

ಮೇಡಂ, ನಾನು ವಿವರಿಸಲು ಒದ್ದಾಡುತ್ತಿದ್ದ ವ್ಯತ್ಯಾಸವನ್ನು ನೀವೇ ಹೇಳಿಬಿಟ್ಟಿರಿ. ಪದ ಒಂದೇ ಆದರೂ ಒಳಗಿನ ಮಾತು ಬೇರೆ. ಭಾಷಾಂತರ ಮಾಡಿದವರಿಗೆ ಜನರಿಗೆ ತಿಳಿಯುವ ಪದ ಬೇಕಿತ್ತು, ಅವರನ್ನು ತಪ್ಪು ಅನ್ನಲಾರೆ. ಆದರೆ ಆ ಜಾಗದಲ್ಲಿ, ಅಂದರೆ 1:14ರಲ್ಲಿ, ಯೋಹಾನ ಗ್ರೀಕಿನಲ್ಲಿ ಬಳಸಿದ ಪದ "ಸಾರ್ಕ್ಸ್". ಅಂದರೆ ಮಾಂಸ. ದೇಹ ಅನ್ನುವುದಕ್ಕೆ ಇನ್ನೂ ಮರ್ಯಾದೆಯ ಪದ ಇತ್ತು, ಆತ ಇದನ್ನೇ ಆರಿಸಿದ. ಕೊಯ್ದರೆ ರಕ್ತ ಬರುವ, ಬಿಸಿಲಿಗೆ ಒಣಗುವ ಮಾಂಸ. ಸಭೆ ಪಟ್ಟು ಹಿಡಿದದ್ದು ಅಲ್ಲಿ. ಆ ದೇಹ ನಮ್ಮಂಥದ್ದೇ, ಆ ಅಳು ಅಳುವೇ.

ಇನ್ನೊಂದು ವ್ಯತ್ಯಾಸವೂ ಇದೆ. ಕೆಲಸ ಮುಗಿದ ಮೇಲೆ ಆತ ಮನುಷ್ಯತ್ವವನ್ನು ಕಳಚಿಡಲಿಲ್ಲ. ಸಾವಿನಿಂದ ಎದ್ದು ಬಂದ ಮೇಲೆ ಶಿಷ್ಯರು ಭೂತ ಅಂತ ಹೆದರಿದರು. ಆತ ತಿನ್ನಲು ಏನಾದರೂ ಇದೆಯೇ ಅಂತ ಕೇಳಿದ. ಒಂದು ತುಂಡು ಸುಟ್ಟ ಮೀನು ಕೊಟ್ಟರು. ಅವರ ಕಣ್ಣೆದುರೇ ತಿಂದ. ನಂಬದ ಶಿಷ್ಯ ತೋಮನನ್ನು ಕರೆದು ಕೈ ಚಾಚು ಅಂದ. ಮೊಳೆ ಹೊಡೆದ ಗುರುತು ಅಂಗೈಯಲ್ಲಿ ಹಾಗೇ ಇತ್ತು.